ಔಷಧಪರೀಕ್ಷೆಯೂ ಗೃಹಸ್ಥರ ಕರ್ತವ್ಯವೂ

ಅರಸೀಕೆರೆಯ ಕೊಬ್ಬರಿಪೇಟೆಯನ್ನು ಕಂಡವರಿಗೆ ಪರೀಕ್ಷೆಯೆಂದರೇನೆಂಬುದನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಬಲಿತ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿರಿಸಿದ ರೈತನು, ಒಳಗಿನ ತಿರುಳು ಒಣಗಿ ಚಿಪ್ಪನ್ನು ಬಿಟ್ಟಿತೇ ಇಲ್ಲವೇ ಎಂಬುದನ್ನು ಕಿವಿಯ ಬಳಿ ಅಲುಗಿಸಿ ನೋಡುತ್ತಾನೆ. ಗಿಟುಕು ಪೇಟೆಗೆ ಬಂದಮೇಲೆ ವರ್ತಕನು ಅದರ ಬಣ್ಣವನ್ನು ನೋಡುತ್ತಾನೆ, ಕೈಯಲ್ಲಿ ತೂಗುತ್ತಾನೆ, ಮೂಸುತ್ತಾನೆ. ಸಂದೇಹ ಬಂದರೆ ಚೀಲದ ತಳದಿಂದ ಒಂದನ್ನು ತೆಗೆಸಿ, ಕತ್ತರಿಸಿ, ಒಳಗನ್ನೂ ನೋಡುತ್ತಾನೆ. ಮೇಲಿನ ಸಾಲು ಚೆನ್ನಾಗಿದ್ದ ಮಾತ್ರಕ್ಕೆ ಚೀಲವೆಲ್ಲವೂ ಚೆನ್ನೆಂದು ನಂಬುವ ವರ್ತಕನು ಆ ಪೇಟೆಯಲ್ಲಿ ಬಹುಕಾಲ ಬಾಳಲಾರನು.

ಅದೇ ವರ್ತಕನು ಸಂಜೆ ಅಂಗಡಿಯನ್ನು ಮುಚ್ಚಿ ಮನೆಗೆ ಹೋಗುವಾಗ, ತಾಯಿಯ ಮಂಡಿನೋವಿಗೆಂದು ಒಂದು ಪೊಟ್ಟಣ ಚೂರ್ಣವನ್ನು ಕೊಂಡೊಯ್ಯುತ್ತಾನೆ. ಪೊಟ್ಟಣದ ಮೇಲೆ ತಯಾರಿಸಿದವನ ಹೆಸರಿಲ್ಲ, ತಯಾರಿಸಿದ ದಿನವಿಲ್ಲ, ಒಳಗಿರುವುದೇನೆಂಬ ವಿವರವಿಲ್ಲ. ಜಾತ್ರೆಯಲ್ಲಿ ಯಾರೋ ಮಾರಿದರು, ಯಾರಿಗೋ ಗುಣವಾಯಿತಂತೆ ಎಂಬಷ್ಟೇ ಪ್ರಮಾಣ. ಗಿಟುಕಿನಲ್ಲಿ ಮೋಸಹೋದರೆ ಕಳೆಯುವುದು ಹಣ. ಚೂರ್ಣದಲ್ಲಿ ಮೋಸಹೋದರೆ ಕಳೆಯುವುದು ತಾಯಿ. ಅಲ್ಪವಾದುದಕ್ಕೆ ಇಷ್ಟು ಪರೀಕ್ಷೆಯೂ, ಮಹತ್ತಾದುದಕ್ಕೆ ಇಷ್ಟು ಕುರುಡುನಂಬಿಕೆಯೂ ಒಂದೇ ಮನೆಯಲ್ಲಿ, ಒಂದೇ ತಲೆಯಲ್ಲಿ ಹೇಗೆ ಕೂಡಿಕೊಂಡಿವೆಯೆಂಬುದು ವಿಚಾರಶೀಲರಿಗೆ ಆಶ್ಚರ್ಯವನ್ನುಂಟುಮಾಡದೆ ಇರದು.

ಔಷಧವು ಯಾವ ಪದ್ಧತಿಯದೇ ಆಗಿರಲಿ, ಪ್ರಯೋಗಶಾಲೆಯ ಪರೀಕ್ಷೆಗೆ ಒಳಪಡದಿದ್ದರೆ ಅದಕ್ಕೆ ಔಷಧವೆಂಬ ಹೆಸರು ಸಲ್ಲದು. ಆ ಪರೀಕ್ಷೆಯನ್ನು ಕೇಳಿ ಪಡೆಯುವುದು ಗೃಹಸ್ಥನ ಕರ್ತವ್ಯ. ಈ ಮಾತನ್ನು ಒಪ್ಪದವರು ಅಕ್ಷರವರಿಯದವರೆಂದು ತಿಳಿಯಬೇಡಿ. ಓದುಬರಹ ಬಲ್ಲ ಮನೆಗಳಲ್ಲಿಯೇ ಇದಕ್ಕೆ ವಿರೋಧ ಹೆಚ್ಚು. ಅವರ ಆಕ್ಷೇಪಗಳು ಮುಖ್ಯವಾಗಿ ನಾಲ್ಕು. ಅವುಗಳನ್ನು ಒಂದೊಂದಾಗಿ ವಿಚಾರಿಸುವುದು ಯುಕ್ತ.

ಮೊದಲನೆಯ ಆಕ್ಷೇಪವಿದು: "ಆಯುರ್ವೇದವು ಋಷಿಪ್ರೋಕ್ತ, ಅದಕ್ಕೆ ಶಾಸ್ತ್ರವೇ ಪ್ರಮಾಣ. ಗಾಜಿನ ನಳಿಗೆಗಳ ಪರೀಕ್ಷೆ ಪಾಶ್ಚಾತ್ಯರದು. ಅದನ್ನು ಶಾಸ್ತ್ರದ ಮೇಲೆ ಹೇರುವುದು ಅನುಚಿತ."

ಹೀಗೆನ್ನುವವರು ಶಾಸ್ತ್ರವನ್ನು ಗೌರವಿಸುತ್ತಾರೆ, ಆದರೆ ಬಿಚ್ಚಿ ನೋಡಿದಂತೆ ತೋರುವುದಿಲ್ಲ. ಚರಕಸಂಹಿತೆಯು ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿಯೇ ಈ ವಿಷಯವನ್ನು ಎತ್ತಿಕೊಳ್ಳುತ್ತದೆ. ಕುರಿ ಕಾಯುವವರೂ ವನವಾಸಿಗಳೂ ಮೂಲಿಕೆಗಳ ಹೆಸರನ್ನೂ ರೂಪವನ್ನೂ ಬಲ್ಲರು. ವೈದ್ಯನಿಗೆ ಅಷ್ಟೇ ಸಾಲದು, ಪ್ರಯೋಗವನ್ನೂ ಅರಿತಿರಬೇಕು. ಅರಿಯದೆ ಬಳಸಿದ ಔಷಧವು ವಿಷಕ್ಕೆ ಸಮಾನವೆಂಬುದು ಅಲ್ಲಿಯ ಅಭಿಪ್ರಾಯ. ರಸಶಾಸ್ತ್ರವಂತೂ ಪರೀಕ್ಷೆಯ ಮೇಲೆಯೇ ನಿಂತಿದೆ. ಲೋಹವನ್ನು ಪುಟವಿಟ್ಟು ಮಾಡಿದ ಭಸ್ಮವು ನೀರಿನ ಮೇಲೆ ತೇಲಬೇಕು, ಅದು ವಾರಿತರ. ಬೆರಳುಗಳ ನಡುವೆ ಉಜ್ಜಿದರೆ ಬೆರಳಗೆರೆಗಳೊಳಗೆ ಇಳಿಯಬೇಕು, ಅದು ರೇಖಾಪೂರ್ಣ. ಮರಳಿ ಕಾಸಿದರೆ ಲೋಹವಾಗಿ ತಿರುಗಬಾರದು, ಅದು ಅಪುನರ್ಭವ. ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗದ ಭಸ್ಮವನ್ನು ರೋಗಿಗೆ ಕೊಡಬಾರದೆಂಬುದು ಶಾಸ್ತ್ರದ ಕಟ್ಟಪ್ಪಣೆ. ಇದು ಪ್ರಯೋಗಶಾಲೆಯಲ್ಲದೆ ಮತ್ತೇನು? ಆ ಕಾಲದ ಉಪಕರಣಗಳು ನೀರು, ಬೆಂಕಿ, ಬೆರಳು. ಈ ಕಾಲದ ಉಪಕರಣಗಳು ಕ್ಷಕಿರಣ, ರೋಹಿತದರ್ಶಕ, ಸೂಕ್ಷ್ಮದರ್ಶಕ. ಪ್ರಶ್ನೆ ಮಾತ್ರ ಅದೇ: ಲೋಹವು ನಿಜವಾಗಿ ಮಾರಣಹೊಂದಿದೆಯೇ ಇಲ್ಲವೇ?

ಕನ್ನಡದ ವೈದ್ಯಗ್ರಂಥಗಳ ಕರ್ತೃಗಳೂ ಕಣ್ಣುಮುಚ್ಚಿ ಬರೆದವರಲ್ಲ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳುಳ್ಳ ಪಾರ್ಶ್ವನಾಥ ಬಸದಿ ಎದ್ದುನಿಂತ ಹನ್ನೆರಡನೆಯ ಶತಮಾನದಲ್ಲಿಯೇ, ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕನ್ನಡಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಮದ್ಯ ಮಾಂಸ ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿದ ಗ್ರಂಥವದು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಗಳ ವಿಚಾರಕ್ಕೆಂದೇ ಖಗೇಂದ್ರಮಣಿದರ್ಪಣವೆಂಬ ಗ್ರಂಥವನ್ನು ಬರೆದನು. ಯಾವುದು ಸೇರಬೇಕು, ಯಾವುದು ಸೇರಬಾರದು ಎಂಬ ವಿವೇಚನೆ ಇವರಿಗೆ ಶಾಸ್ತ್ರದ್ರೋಹವೆನಿಸಲಿಲ್ಲ.

ಪ್ರಯೋಗಶಾಲೆಯಿಂದ ಶಾಸ್ತ್ರಕ್ಕೆ ಗೌರವ ಬಂದುದಕ್ಕೆ ಸರ್ಪಗಂಧವೇ ಸಾಕ್ಷಿ. ಉನ್ಮಾದಕ್ಕೂ ನಿದ್ರಾನಾಶಕ್ಕೂ ಈ ಬೇರನ್ನು ದೇಶೀಯ ವೈದ್ಯರು ಹಿಂದಿನಿಂದ ಬಳಸುತ್ತಿದ್ದರು. 1931ರಲ್ಲಿ ದೆಹಲಿಯ ಸಲೀಮುಜ್ಜಮಾನ್ ಸಿದ್ದಿಕಿಯವರು ಇದರಿಂದ ಕೆಲವು ಸಾರಗಳನ್ನು ಬೇರ್ಪಡಿಸಿದರು. ಅದೇ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇವರು ರಕ್ತದ ಒತ್ತಡದ ಮೇಲೆ ಇದರ ಗುಣವನ್ನು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರ ಲೇಖನವು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬಂದಮೇಲೆ ಲೋಕವೆಲ್ಲ ಈ ಬೇರಿನ ಕಡೆಗೆ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರ ಮುಖ್ಯಸಾರವಾದ ರಿಸರ್ಪೀನನ್ನು ಶುದ್ಧರೂಪದಲ್ಲಿ ತೆಗೆದರು. ಒಂದು ಬೆಟ್ಟದ ಬೇರಿನಲ್ಲಿ ಸಾರ ಹೆಚ್ಚು, ಇನ್ನೊಂದು ಬೆಟ್ಟದ ಬೇರಿನಲ್ಲಿ ಕಡಿಮೆ. ಹಾಗಿರಲು ಒಂದು ಚಿಟಿಕೆ ಪುಡಿಯೆಂದರೆ ಎಷ್ಟು ಔಷಧವೆಂದು ಯಾವ ವೈದ್ಯನೂ ಹೇಳಲಾರನು. ಸಾರವನ್ನು ಅಳೆದಮೇಲೆ ಮಿಲಿಗ್ರಾಮಿನ ಕಾಲುಭಾಗದಷ್ಟು ಸೂಕ್ಷ್ಮವಾದ ಪ್ರಮಾಣದಲ್ಲಿ ಕೊಡುವುದು ಸಾಧ್ಯವಾಯಿತು. ಬೇರಿನ ಗುಣವನ್ನು ಕಂಡವರು ಪೂರ್ವಿಕರು. ಅದನ್ನು ಅಳತೆಗೆ ತಂದುದು ಪ್ರಯೋಗಶಾಲೆ. ಇವುಗಳಲ್ಲಿ ವಿರೋಧವೆಲ್ಲಿದೆ?

ಎರಡನೆಯ ಆಕ್ಷೇಪ: "ಗಿಡಮೂಲಿಕೆ ಸ್ವಾಭಾವಿಕವಾದುದು, ಗುಣವಾಗದಿದ್ದರೂ ಕೆಡುಕಾಗದು."

ಕಾಸರಕವೂ ಗಿಡವೇ, ದತ್ತೂರವೂ ಗಿಡವೇ. ಅದು ಹಾಗಿರಲಿ, ಕೇಳಿದ ಗಿಡವೇ ಪೊಟ್ಟಣದಲ್ಲಿದೆಯೆಂದು ಹೇಳುವವರಾರು? ಅಶೋಕಾರಿಷ್ಟಕ್ಕೆ ಬೇಕಾದುದು ಘಟ್ಟದ ಕಾಡುಗಳಲ್ಲಿ ಬೆಳೆದು ಕೆಂಪು ಹೂಗೊಂಚಲು ಬಿಡುವ ಸೀತಾ ಅಶೋಕದ ತೊಗಟೆ. ಆ ಮರವು ವಿರಳವಾದುದರಿಂದ, ಶಾಲೆ ಕಚೇರಿಗಳ ಆವರಣದಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ, ಜನರು ಅಶೋಕವೆಂದೇ ಕರೆಯುವ ಬೇರೊಂದು ಮರದ ತೊಗಟೆ ಪೇಟೆಗೆ ಬರುತ್ತದೆ. ಎರಡಕ್ಕೂ ಹೆಸರಲ್ಲದೆ ಬೇರೆ ಸಂಬಂಧವಿಲ್ಲ. ಬ್ರಾಹ್ಮಿಯೆಂದು ಕೆಲವರು ಒಂದೆಲಗವನ್ನೂ ಕೆಲವರು ನೀರುಬ್ರಾಹ್ಮಿಯನ್ನೂ ಕೊಡುತ್ತಾರೆ. ಇವೆರಡೂ ಬೇರೆ ಬೇರೆ ಕುಲದ ಸಸ್ಯಗಳು. ಎಲೆ ಹೂಗಳಿರುವಾಗ ಗುರುತಿಸಬಲ್ಲ ಅಜ್ಜಿಯೂ, ಒಣಗಿಸಿ ಕುಟ್ಟಿ ಪುಡಿಮಾಡಿದಮೇಲೆ ಗುರುತಿಸಲಾರಳು. ಸೂಕ್ಷ್ಮದರ್ಶಕವು ಗುರುತಿಸುತ್ತದೆ, ಪುಡಿಯಾದರೂ ಸಸ್ಯಕೋಶಗಳ ಆಕಾರವೂ, ನಾರೂ, ಪಿಷ್ಟದ ಕಣವೂ ಉಳಿದಿರುತ್ತವೆ.

ಅದಕ್ಕೂ ಮೀರಿದ ಉಪಾಯವೊಂದುಂಟು. ರಷ್ಯದ ಸಸ್ಯಶಾಸ್ತ್ರಜ್ಞನಾದ ಸ್ವೆಟ್ ಎಂಬವನು 1903ರ ಹೊತ್ತಿಗೆ, ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಬಿಟ್ಟನು. ಒಂದೇ ಹಸುರೆಂದು ಕಾಣುತ್ತಿದ್ದ ರಸವು ಹಸುರು ಹಳದಿ ಪಟ್ಟೆಗಳಾಗಿ ಬೇರ್ಪಟ್ಟಿತು. ಒಂದೊಂದು ಪದಾರ್ಥವು ಸುಣ್ಣಕ್ಕೆ ಅಂಟಿಕೊಳ್ಳುವ ಬಲ ಒಂದೊಂದು ಬಗೆ. ಹೆಚ್ಚು ಅಂಟುವುದು ಹಿಂದುಳಿಯುತ್ತದೆ, ಕಡಿಮೆ ಅಂಟುವುದು ಮುಂದೆ ಓಡುತ್ತದೆ. ಕ್ರೊಮಟೋಗ್ರಫಿಯೆಂಬ ಈ ವಿದ್ಯೆಯೇ ಇಂದು ಜಗತ್ತಿನ ಔಷಧಶಾಲೆಗಳ ಬೆನ್ನೆಲುಬು. ಗಾಜಿನ ಹಲಗೆಯ ಮೇಲೆ ತೆಳ್ಳಗೆ ಲೇಪಿಸಿದ ಪುಡಿಯಲ್ಲಿ ಕಷಾಯದ ಚುಕ್ಕೆಯನ್ನಿಟ್ಟರೆ, ಅದು ಏರುವಾಗ ಮೂಡುವ ಕಲೆಗಳ ಸಾಲು ಆ ಮೂಲಿಕೆಯ ಹಸ್ತಾಕ್ಷರವಾಗುತ್ತದೆ. ಕೃತ್ರಿಮದ ಹಸ್ತಾಕ್ಷರ ಬೇರೆ.

ಮಂಡಿನೋವಿನ ಚೂರ್ಣವೂ ಉಬ್ಬಸದ ಪುಡಿಯೂ ಎರಡೇ ದಿನದಲ್ಲಿ ಗುಣಕೊಟ್ಟರೆ ಮನೆಯವರು ಮಾರಿದವನನ್ನು ಧನ್ವಂತರಿಯೆಂದು ಕೊಂಡಾಡುತ್ತಾರೆ. ವಿಚಾರಶೀಲರಿಗೆ ಆಗಲೇ ಸಂದೇಹ ಹುಟ್ಟಬೇಕು. ಇಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಔಷಧಗಳನ್ನು ಗುಟ್ಟಾಗಿ ಬೆರೆಸಿದ್ದನ್ನು ಪ್ರಯೋಗಶಾಲೆಗಳು ಪದೇ ಪದೇ ಕಂಡುಹಿಡಿದಿವೆ. ನೋವು ಅಡಗುವುದು ನಿಜ; ತಿಂಗಳುಗಳು ಕಳೆದಮೇಲೆ ಮುಖ ಊದಿ, ಮೂಳೆ ಟೊಳ್ಳಾಗಿ, ಸಕ್ಕರೆಯ ಕಾಯಿಲೆ ಕಾಣಿಸಿಕೊಳ್ಳುವುದೂ ನಿಜ. ಲೋಹಗಳ ಮಾತೂ ಹೀಗೆಯೇ. 2004ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ದೊರೆತ 70 ಆಯುರ್ವೇದ ಸಿದ್ಧವಸ್ತುಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಇದ್ದುದು ಕಂಡುಬಂದಿತು. ಇದರಿಂದ ಆಯುರ್ವೇದಕ್ಕೆ ಅಪಕೀರ್ತಿಯೆಂದು ಕೋಪಿಸಿಕೊಂಡವರು ಬಹಳ. ಉಳಿದ 56 ವಸ್ತುಗಳಲ್ಲಿ ಅವು ಕಾಣಲಿಲ್ಲವೆಂದು ತೋರಿಸಿದುದೂ ಅದೇ ಪರೀಕ್ಷೆಯಲ್ಲವೇ? ಪರೀಕ್ಷೆಯಿಲ್ಲದಿದ್ದರೆ ಒಳ್ಳೆಯ ವೈದ್ಯನಿಗೂ ಕಳ್ಳವೈದ್ಯನಿಗೂ ಒಂದೇ ಬೆಲೆ.

ಮೂರನೆಯ ಆಕ್ಷೇಪವು ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಬರುತ್ತದೆ: "ಅಲೋಪತಿಯ ಔಷಧವೆಲ್ಲವೂ ಕಾರ್ಖಾನೆಯಲ್ಲಿ ತಯಾರಾಗಿ, ಸರ್ಕಾರದ ಪರವಾನಗಿ ಪಡೆದು, ಮುದ್ರೆ ಹಾಕಿಸಿಕೊಂಡು ಬರುತ್ತದೆ. ಅದರಲ್ಲಿ ಗೃಹಸ್ಥನು ಕೇಳಬೇಕಾದುದೇನು?"

ಇದೂ ಕುರುಡುನಂಬಿಕೆಯೇ, ಉಡುಪು ಮಾತ್ರ ಬೇರೆ. 1937ರಲ್ಲಿ ಅಮೆರಿಕದಲ್ಲಿ ಒಂದು ದ್ರವೌಷಧಕ್ಕೆ ದ್ರಾವಕವಾಗಿ ಡೈ ಎಥಿಲೀನ್ ಗ್ಲೈಕಾಲ್ ಎಂಬ ವಿಷವನ್ನು ಬಳಸಿದ್ದರಿಂದ ನೂರಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷವೇ ಆ ದೇಶವು ಹೊಸ ಶಾಸನವನ್ನು ಮಾಡಿತು. ಅದಾಗಿ ಸುಮಾರು ಅರ್ಧ ಶತಮಾನ ಕಳೆದು, 1986ರಲ್ಲಿ ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಗ್ಲಿಸರಿನ್ನಿನೊಳಗೆ ಅದೇ ವಿಷ ಸೇರಿ ರೋಗಿಗಳು ಸತ್ತರು. 2022ರ ಅಕ್ಟೋಬರಿನಲ್ಲಿ, ಗ್ಯಾಂಬಿಯಾ ದೇಶದ ಮಕ್ಕಳ ಮರಣಗಳ ಪ್ರಸಂಗದಲ್ಲಿ, ಭಾರತದಲ್ಲಿ ತಯಾರಾದ ನಾಲ್ಕು ಸಿರಪ್ಪುಗಳ ವಿಷಯವಾಗಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಸಿರಪ್ಪಿನಲ್ಲಿ ಈ ವಿಷವು ನೂರಕ್ಕೆ 48.6ರಷ್ಟು ಇದ್ದಿತೆಂದು ತಮಿಳುನಾಡಿನ ಪ್ರಯೋಗಶಾಲೆ ವರದಿಮಾಡಿತು. ಇರಬಹುದಾದ ಮಿತಿ ನೂರಕ್ಕೆ 0.1. ಇದು ಸೂಕ್ಷ್ಮದೋಷವೇ? ದ್ರಾವಕದ ಪೀಪಾಯಿಯನ್ನು ಬಿಚ್ಚುವ ಮೊದಲು ಒಂದು ಹನಿಯನ್ನು ಪರೀಕ್ಷಿಸಿದ್ದರೆ ಕಾಣುತ್ತಿದ್ದ ದೋಷ. ಅರಸೀಕೆರೆಯ ವರ್ತಕನು ಗಿಟುಕಿಗೆ ಮಾಡುವಷ್ಟು ಪರೀಕ್ಷೆಯನ್ನು ಪರವಾನಗಿಯುಳ್ಳ ಕಾರ್ಖಾನೆಯು ಮಕ್ಕಳ ಔಷಧಕ್ಕೆ ಮಾಡಲಿಲ್ಲ.

ಕರ್ನಾಟಕದಲ್ಲಿಯೂ ಇಂತಹ ದುಃಖ ಬಂದಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರಲ್ಲಿ ಐವರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅವರಿಗೆ ರಕ್ತನಾಳದ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಎಂಬ ದ್ರವದ ಮೇಲೆ ಸಂದೇಹ ಬಿದ್ದಿತು. ಅದೊಂದು ಉಪ್ಪುನೀರಿನಂತಹ ಸಾಧಾರಣ ದ್ರವ. ಆದರೆ ನೇರವಾಗಿ ರಕ್ತಕ್ಕೆ ಸೇರುವುದರಿಂದ ಅದಕ್ಕೆ ಪರೀಕ್ಷೆ ಅತಿಕಠಿನ. ಅದರಲ್ಲಿ ಜೀವಾಣು ಇರಬಾರದು. ಅದಕ್ಕಾಗಿ ಮಾದರಿಯನ್ನು ಪೋಷಕ ದ್ರವದಲ್ಲಿ ಹದಿನಾಲ್ಕು ದಿನ ಇಟ್ಟು ಏನಾದರೂ ಬೆಳೆಯುವುದೇ ಎಂದು ನೋಡುತ್ತಾರೆ. ಜೀವಾಣುಗಳನ್ನು ಕಾಸಿ ಕೊಂದರೂ ಸಾಲದು. ಸತ್ತ ಜೀವಾಣುಗಳ ಕವಚದ ಚೂರುಗಳೇ ರಕ್ತಕ್ಕೆ ಸೇರಿ ಚಳಿಜ್ವರವನ್ನೂ ಮೂರ್ಛೆಯನ್ನೂ ತರಬಲ್ಲವು. ಆ ಚೂರುಗಳನ್ನು ಕಂಡುಹಿಡಿಯುವುದಕ್ಕೆ ಕುದುರೆಲಾಳದ ಆಕಾರದ ಒಂದು ಕಡಲಜೀವಿಯ ರಕ್ತದಿಂದ ತೆಗೆದ ಸತ್ತ್ವವನ್ನು ಬಳಸುತ್ತಾರೆ. ದೋಷವಿದ್ದರೆ ಅದು ಹೆಪ್ಪುಗಟ್ಟುತ್ತದೆ. ಇಷ್ಟು ಸೂಕ್ಷ್ಮವಾದ ವಿದ್ಯೆ ಇದ್ದರೂ, ಅದು ರೋಗಿಯ ಹಾಸಿಗೆಯನ್ನು ಸಕಾಲಕ್ಕೆ ಮುಟ್ಟದಿದ್ದರೆ ಫಲವೇನು?

ಇಲ್ಲಿಯೇ ನಾಲ್ಕನೆಯ ಆಕ್ಷೇಪ ಹುಟ್ಟುತ್ತದೆ, ಇದು ಎಲ್ಲಕ್ಕಿಂತ ಬಲವಾದುದು: "ಪ್ರಯೋಗಶಾಲೆಗಳೇ ಪರಸ್ಪರ ಒಪ್ಪುವುದಿಲ್ಲ. ಬಳ್ಳಾರಿಯ ಪ್ರಸಂಗದ ದ್ರವದಲ್ಲಿ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಶಾಲೆ ಕಳಪೆಯೆಂದಿತು, ಅವುಗಳಲ್ಲಿಯೇ ಕೆಲವನ್ನು ಕೇಂದ್ರದ ಪ್ರಯೋಗಶಾಲೆ ಸರಿಯೆಂದಿತು. ಹಾಗಿರಲು ಯಾರನ್ನು ನಂಬುವುದು?"

ಆಕ್ಷೇಪದಲ್ಲಿ ಸತ್ಯಾಂಶವಿದೆ; ಅದನ್ನು ಮರೆಮಾಚಬಾರದು. ಸಾವಿರಾರು ಶೀಸೆಗಳಲ್ಲಿ ಕೆಲವನ್ನೇ ಪರೀಕ್ಷಿಸುವುದರಿಂದ, ದೋಷವು ಎಲ್ಲದರಲ್ಲಿಯೂ ಹರಡಿರದಿದ್ದರೆ ಒಂದು ಮಾದರಿಯಲ್ಲಿ ಕಂಡು ಇನ್ನೊಂದರಲ್ಲಿ ಕಾಣದೆ ಹೋಗಬಹುದು. ಆದುದರಿಂದಲೇ ಔಷಧತಯಾರಿಕೆಯ ಬಲ್ಲವರು ಕೊನೆಯ ಪರೀಕ್ಷೆಯೊಂದನ್ನೇ ನಂಬುವುದಿಲ್ಲ. ನೀರು ಎಲ್ಲಿಂದ ಬಂದಿತು, ಗಾಳಿಯನ್ನು ಹೇಗೆ ಸೋಸಿದರು, ಎಷ್ಟು ಶಾಖದಲ್ಲಿ ಎಷ್ಟು ಹೊತ್ತು ಕಾಸಿದರು, ಆ ಕೆಲಸವನ್ನು ಮಾಡಿದವರಾರು, ನೋಡಿ ಸಹಿಮಾಡಿದವರಾರು ಎಂಬುದೆಲ್ಲವೂ ಬ್ಯಾಚಿನ ದಾಖಲೆಯಲ್ಲಿರಬೇಕೆಂಬುದು ನಿಯಮ. ಒಂದೇ ಸಲಕ್ಕೆ ಒಂದೇ ಕ್ರಮದಲ್ಲಿ ತಯಾರಾದ ಮೊತ್ತಕ್ಕೆ ಬ್ಯಾಚೆಂದು ಹೆಸರು. ಶೀಸೆಯ ಮೇಲಿನ ಆ ಚಿಕ್ಕ ಸಂಖ್ಯೆಯು ಇಷ್ಟೆಲ್ಲ ದಾಖಲೆಗೆ ಬೀಗದ ಕೈ.

ಬೇಲೂರಿನವರಿಗೆ ಈ ತತ್ತ್ವ ಹೊಸದಾಗಬಾರದು. 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಮದನಿಕೆಯರ ಅಡಿಯಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನೂ ಊರನ್ನೂ ಕಲ್ಲಿನಲ್ಲಿ ಕೆತ್ತಿ ಹೋದರು. ಪ್ರವಾಸಿಗಳು ಅದನ್ನು ಕೀರ್ತಿಯ ಆಸೆಯೆನ್ನುತ್ತಾರೆ. ಅದು ಹೊಣೆಯ ಒಪ್ಪಿಗೆಯೂ ಹೌದು: ಬಳಪದ ಕಲ್ಲಿನಲ್ಲಿ ಉಳಿಯೆಲ್ಲಿಯಾದರೂ ತಪ್ಪಿದ್ದರೆ ಯಾರ ಕೈ ತಪ್ಪಿತೆಂಬುದು ಒಂಬತ್ತು ಶತಮಾನಗಳಾದ ಮೇಲೂ ತಿಳಿಯುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವೆಂದು ಹರ್ಷಿಸಿದ ಜನರು, ಹೆಸರಿಲ್ಲದ ಪೊಟ್ಟಣದ ಪುಡಿಯನ್ನು ಮಗುವಿನ ಬಾಯಿಗೆ ಹಾಕುವಾಗ ಆ ಶಿಲ್ಪಿಗಳನ್ನು ಮರೆಯುವುದು ಸರಿಯೇ? ಕಲ್ಲಿಗೆ ಹೆಸರು ಕೊಟ್ಟವರ ನಾಡಿನಲ್ಲಿ ಔಷಧಕ್ಕೆ ಹೆಸರಿಲ್ಲದಿರಬಾರದು.

ಪ್ರಯೋಗಶಾಲೆಗಳು ಒಪ್ಪದಿದ್ದರೆ ಇನ್ನಷ್ಟು ಪ್ರಯೋಗಶಾಲೆಗಳು ಬೇಕು. ನ್ಯಾಯಾಲಯಗಳ ತೀರ್ಪು ಭಿನ್ನವಾದರೆ ಯಾರೂ ನ್ಯಾಯಾಲಯಗಳನ್ನು ಮುಚ್ಚುವುದಿಲ್ಲ. ರಾಜ್ಯ ಸರ್ಕಾರದ ಔಷಧಪರೀಕ್ಷಾಲಯಗಳಿರುವುದು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಗಳಲ್ಲಿ. ಹಾಸನದ ಬಳಿ ಔಷಧೋದ್ಯಮಕ್ಕೆಂದೇ ವಿಶೇಷ ಆರ್ಥಿಕ ವಲಯವನ್ನು ಮಾಡಿದ್ದಾರೆ. 1992ರಿಂದ ಆಯುರ್ವೇದ ಮಹಾವಿದ್ಯಾಲಯವೂ, ಈಚೆಗೆ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಹಾಸನದಲ್ಲಿವೆ. ಔಷಧವನ್ನು ತಯಾರಿಸಬಲ್ಲ, ಕಲಿಸಬಲ್ಲ ಜಿಲ್ಲೆಯು ಔಷಧವನ್ನು ಪರೀಕ್ಷಿಸುವುದನ್ನೂ ಕೇಳಿಕೊಳ್ಳಬಾರದೇಕೆ?

ವೆಚ್ಚದ ಮಾತನ್ನು ಎತ್ತುವವರೂ ಇದ್ದಾರೆ. ಪರೀಕ್ಷೆಯಿಂದ ಔಷಧದ ಬೆಲೆ ಸ್ವಲ್ಪ ಏರುವುದು ನಿಜ. ಛಿಂದ್ವಾಡಾದ ಮನೆಗಳಲ್ಲಿ ಅಗ್ಗವಾದ ಸಿರಪ್ಪಿಗೆ ಕೊಟ್ಟ ಬೆಲೆ ಎಷ್ಟೆಂದು ಅವರು ಲೆಕ್ಕಹಾಕಲಿ.

ಕಾನೂನು ಗೃಹಸ್ಥನನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲ. 1940ರ ಔಷಧ ಶಾಸನದ 26ನೆಯ ಪ್ರಕರಣದಂತೆ, ಔಷಧವನ್ನು ಕೊಂಡ ಯಾವನೇ ಆಗಲಿ ಗೊತ್ತಾದ ಶುಲ್ಕವನ್ನು ಕಟ್ಟಿ, ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಅವರ ಸಹಿಯುಳ್ಳ ವರದಿಯನ್ನು ಪಡೆಯಬಹುದು. ಮಾನ್ಯತೆಪಡೆದ ಗ್ರಾಹಕಸಂಘಗಳಿಗೂ ಈ ಹಕ್ಕುಂಟು. ಓದಿದ ಮನೆಗಳಲ್ಲಿ ಎಷ್ಟು ಮಂದಿ ಇದನ್ನು ಕೇಳಿದ್ದಾರೆ? ಇದಕ್ಕಿಂತ ವಿಷಾದಕರವಾದ ಸಂಗತಿಯೆಂದರೆ, ಆ ಪ್ರಕರಣವಿರುವ ಅಧ್ಯಾಯವು ಆಯುರ್ವೇದ ಸಿದ್ಧ ಯುನಾನಿ ಔಷಧಗಳಿಗೆ ಅನ್ವಯಿಸುವುದಿಲ್ಲ. ಅವುಗಳಿಗೆಂದು ಬರೆದ ಬೇರೆ ಅಧ್ಯಾಯದಲ್ಲಿ ಕೊಂಡವನಿಗೆ ಇಂತಹ ಹಕ್ಕನ್ನು ಬರೆದಿಲ್ಲ. ಆಯುರ್ವೇದದ ಅಭಿಮಾನಿಗಳಿಗೆ ಹೋರಾಡಬೇಕೆನಿಸಿದರೆ ಇದಕ್ಕಾಗಿ ಹೋರಾಡಲಿ. ಪರೀಕ್ಷೆಗೆ ಹೆದರುವುದು ಕಳ್ಳಸರಕು. ಚರಕನ ಶಾಸ್ತ್ರಕ್ಕೆ ಆ ಹೆದರಿಕೆಯನ್ನು ಅಂಟಿಸುವುದು ಶಾಸ್ತ್ರಕ್ಕೆ ಮಾಡುವ ಅಪಚಾರ.

ಗೃಹಸ್ಥರು ಇಂದಿನಿಂದಲೇ ಮಾಡಬಹುದಾದುದು ಸ್ವಲ್ಪವೇ, ಆದರೆ ಅದು ಸಾಲುವಷ್ಟಿದೆ. ತಯಾರಕನ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚಿನ ಸಂಖ್ಯೆ, ತಯಾರಿಕೆಯ ದಿನ ಇವಿಲ್ಲದ ಯಾವ ಔಷಧವನ್ನೂ, ಅದು ಯಾರ ಕೈಯಿಂದಲೇ ಬರಲಿ, ಮನೆಯೊಳಗೆ ತರಬಾರದು. ಕೊಂಡ ಔಷಧಕ್ಕೆ ರಸೀತಿಯನ್ನು ಕೇಳಬೇಕು; ಔಷಧ ಮುಗಿಯುವವರೆಗೆ ಪೊಟ್ಟಣವನ್ನೂ ಶೀಸೆಯನ್ನೂ ಎಸೆಯಬಾರದು, ಏಕೆಂದರೆ ಕೆಡುಕಾದರೆ ಅದೊಂದೇ ಸಾಕ್ಷಿ. ಅತಿಶೀಘ್ರವಾಗಿ ಗುಣಕೊಡುವ ಹೆಸರಿಲ್ಲದ ಪುಡಿಯನ್ನು ವೈದ್ಯರಿಗೆ ತೋರಿಸದೆ ಮುಂದುವರಿಸಬಾರದು. ಸಂದೇಹ ಬಂದರೆ ನೆರೆಮನೆಯವರಿಗೆ ಹೇಳಿ ಸುಮ್ಮನಾಗದೆ ಔಷಧ ನಿಯಂತ್ರಣಾಧಿಕಾರಿಗಳಿಗೆ ಬರೆಯಬೇಕು. ಊರೂರಿನ ಸಾಹಿತ್ಯಸಂಘಗಳೂ ಮಹಿಳಾಸಮಾಜಗಳೂ ವರ್ಷಕ್ಕೊಂದು ಸಲವಾದರೂ ಒಬ್ಬ ಬಲ್ಲವರನ್ನು ಕರೆಯಿಸಿ, ಶೀಸೆಯ ಮೇಲಿನ ಬರಹವನ್ನು ಓದುವುದು ಹೇಗೆಂಬುದನ್ನು ಕಲಿಸಬಹುದು.

ಬಳ್ಳಾರಿಯ ಐದು ಮನೆಗಳಲ್ಲಿ ತಾಯಿಯನ್ನು ಕಾಣದ ಕೂಸುಗಳು ಬೆಳೆಯುತ್ತಿವೆ. ಅವುಗಳ ಮುಂದೆ ಯಾರೂ ಶಾಸ್ತ್ರದ ಹೆಸರಿನಲ್ಲಾಗಲಿ ಸರ್ಕಾರದ ಮುದ್ರೆಯ ಹೆಸರಿನಲ್ಲಾಗಲಿ ಪರೀಕ್ಷೆ ಬೇಡವೆಂದು ಹೇಳಲಾರರು. ಕಾಯಿಯನ್ನು ಅಲುಗಿಸಿ ನೋಡುವ ಕೈ ಔಷಧದ ಶೀಸೆಯನ್ನೂ ಬೆಳಕಿಗೆ ಹಿಡಿದು ನೋಡುವುದನ್ನು ಅರಸೀಕೆರೆ ಬೇಲೂರು ಹಳೇಬೀಡುಗಳ ಗೃಹಸ್ಥರು ಈ ದಿನವೇ ಆರಂಭಿಸಲಿ.